ಇಂಚಿಗೊಂದು ವರ್ಷ

"ಮೂರು ವರ್ಷ ನನ್ನ ಹತ್ತಿರ ಇಲ್ಲಮ್ಮ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅಷ್ಟು ಹೇಳಿ ಮೇಸ್ತ್ರಿ ಮತ್ತೆ ಉಜ್ಜುಗೊರಡು ಹಿಡಿದರು. ತಲೆ ಕೂಡ ಎತ್ತಲಿಲ್ಲ!

ಬಾಗಿಲಲ್ಲಿ ನಿಂತಿದ್ದ ಟೀಚರ್‌ಗೆ ಮೈ ಉರಿದುಹೋಯಿತು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವರು ಅವರು. ಮಾತಾಡಿಸಿದಾಗ ಮುಖ ನೋಡದ ಮಕ್ಕಳನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದವರು. ನಿವೃತ್ತಿಯಾಗಿ ಒಂಬತ್ತು ವರ್ಷ ಕಳೆದಿದ್ದರೂ ಬೀದಿಯಲ್ಲಿ ಎಲ್ಲರಿಗೂ ಅವರು ಟೀಚರೇ. ಆದರೆ ಎಪ್ಪತ್ತು ದಾಟಿದ ಈ ಬಿಳಿಗಡ್ಡದ ಬಡಗಿಯನ್ನು ಯಾವ ಬೆಂಚಿನ ಮೇಲೆ ನಿಲ್ಲಿಸುವುದು?

"ಅಷ್ಟೊಂದು ಕೆಲಸ ಒಪ್ಕೊಂಡಿದ್ದೀರಾ?" ಎಂದು ಮೂಗು ಏರಿಸಿಯೇ ಕೇಳಿದರು.

"ಕೆಲಸದ ಮಾತಲ್ಲ. ಆಯಸ್ಸಿನ ಮಾತು."

ಟೀಚರ್ ಬಂದಿದ್ದ ಕಾರಣ ಇಷ್ಟೇ. ಅವರ ಅಂಗಳದಲ್ಲಿ ಒಂದು ಹಿಪ್ಪುನೇರಳೆ ಮರವಿತ್ತು. ಮಗಳು ಹುಟ್ಟಿದ ವರ್ಷ ಗಂಡ ನೆಟ್ಟದ್ದು. ಗಂಡ ಹೋಗಿ ಹನ್ನೊಂದು ವರ್ಷವಾಗಿತ್ತು; ಮರ ಮಾತ್ರ ಪ್ರತಿವರ್ಷ ಹಣ್ಣುದುರಿಸಿ ಅಂಗಳದ ಕಲ್ಲನ್ನೆಲ್ಲ ಕಪ್ಪಾಗಿಸುತ್ತ ನಿಂತಿತ್ತು. ಕಳೆದ ವಾರದ ಗಾಳಿಗೆ ಅದು ಬುಡಸಮೇತ ಉರುಳಿತ್ತು. ಅದನ್ನು ಸೌದೆಗೆ ಕೊಡಲು ಮನಸ್ಸು ಬಾರದೆ, ಹತ್ತು ಜನ ಕೂರುವಂಥ ಒಂದು ಊಟದ ಟೇಬಲ್ ಮಾಡಿಸೋಣವೆಂದು ಅವರು ಈ ಶೆಡ್ಡಿನವರೆಗೆ ಬಂದಿದ್ದರು.

"ಹಸಿ ಮರಮ್ಮ ಅದು," ಮೇಸ್ತ್ರಿ ಕೈಕೆಲಸ ಬಿಡದೆ ಹೇಳಿದರು. "ಒಣಗದೇ ಮಾಡಿದ್ರೆ ಸೀಳುತ್ತೆ. ಒಣಗೋಕೆ ಇಂಚಿಗೊಂದು ವರ್ಷ. ಒಂದಿಂಚು ದಪ್ಪ ಕೊಯ್ಸಿ, ಮುಂದಿನ ವರ್ಷ ಈ ಹೊತ್ತಿಗೆ ಟೇಬಲ್ ನಿಮ್ಮನೇಲಿರುತ್ತೆ. ಅಷ್ಟಾದ್ರೆ ನಾನು ಒಪ್ಕೋತೀನಿ."

"ಒಂದಿಂಚಾ? ನಾನು ಕೇಳ್ತಿರೋದು ಟೇಬಲ್ಲು, ಇಸ್ತ್ರಿ ಹಲಗೆ ಅಲ್ಲ! ಮೂರು ಇಂಚೇ ಬೇಕು. ಏನವಸರ? ನಾನು ಕಾಯ್ತೀನಿ."

"ನೀವು ಕಾಯ್ತೀರಿ. ನಾನು?"

ಆಗ ಅವರು ತಲೆ ಎತ್ತಿದರು. ರೆಪ್ಪೆಯ ಮೇಲೆಲ್ಲ ಮರದ ಪುಡಿ. ಅದರೊಳಗಿಂದ ನೋಡುತ್ತಿದ್ದ ಕಣ್ಣುಗಳಲ್ಲಿ ಸಿಡುಕಿರಲಿಲ್ಲ, ಜಂಬವೂ ಇರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೇಳುವಷ್ಟು ಸಲೀಸಾಗಿ ಅವರು ಹೇಳಿದರು.

"ನಮ್ಮಪ್ಪ ಎಪ್ಪತ್ತೊಂದಕ್ಕೆ ಹೋದ್ರು. ದೊಡ್ಡಪ್ಪನೂ ಎಪ್ಪತ್ತೊಂದಕ್ಕೆ. ನಮ್ಮಣ್ಣ ಎಪ್ಪತ್ತೆರಡಕ್ಕೆ ಹನ್ನೆರಡು ದಿನ ಇರೋವಾಗ. ನಮ್ಮನೇಲಿ ಗಂಡಸರು ಯಾರೂ ಎಪ್ಪತ್ತೆರಡು ನೋಡಿಲ್ಲ. ನನಗೀಗ ಎಪ್ಪತ್ತೂವರೆ. ಲೆಕ್ಕ ನೀವೇ ಹಾಕಿ, ಟೀಚರ್ ಅಲ್ವಾ?"

ಟೀಚರ್‌ಗೆ ಲೆಕ್ಕ ತಕ್ಷಣ ಹೊಳೆಯಿತು: ಒಂದೂವರೆ ವರ್ಷ. ಆದರೆ ಸೋತು ಹಿಂದಿರುಗುವ ಜಾಯಮಾನ ಅವರದ್ದಲ್ಲ.

"ನಮ್ಮಮ್ಮ ತೊಂಬತ್ತೇಳು ವರ್ಷ ಬದುಕಿದ್ಲು. ಅಜ್ಜಿ ತೊಂಬತ್ತೊಂಬತ್ತು. ನನಗಿನ್ನೂ ಅರವತ್ತೊಂಬತ್ತು. ಹತ್ತಿರ ಹತ್ತಿರ ಮೂವತ್ತು ವರ್ಷ ಬಾಕಿ ಇದೆ! ಅದರಲ್ಲಿ ನಿಮಗೊಂದು ಮೂರು ಕೊಡ್ತೀನಿ, ಇಟ್ಕೊಳ್ಳಿ. ಈಗ ಹಲಗೆ ಕೊಯ್ತೀರೋ ಇಲ್ವೋ?"

ಮೇಸ್ತ್ರಿ ಅವರನ್ನೇ ನೋಡಿದರು. ಆಮೇಲೆ ನಕ್ಕರು. ಹಲವು ದಿನ ತೆರೆಯದ ಕಿಟಕಿ ತೆಗೆದ ಹಾಗೆ, ಕಿರುಗುಟ್ಟುತ್ತ ಬಂದ ನಗು ಅದು.

'ಅಯ್ಯೋ, ನಗೋಕೂ ಬರುತ್ತೆ ಇವರಿಗೆ...' ಎಂದುಕೊಂಡ ಟೀಚರ್, ಯಾಕೋ ಸೆರಗು ಸರಿಮಾಡಿಕೊಂಡರು.

*

ಮರ ಶೆಡ್ಡಿಗೆ ಬಂತು. ಮೂರು ಇಂಚಿನ ಏಳು ಹಲಗೆಗಳಾಯಿತು. ಕೊಯ್ದಾಗ ಒಳಗೆಲ್ಲ ಹಳದಿ. "ಗಾಳಿ ಬೆಳಕು ತಾಗ್ತಾ ತಾಗ್ತಾ ಕಂದಾಗುತ್ತೆ ನೋಡ್ತಿರಿ," ಎಂದರು ಮೇಸ್ತ್ರಿ. ಹಲಗೆಗಳ ನಡುವೆ ಗಾಳಿಯಾಡಲು ಪಟ್ಟಿ ಇಟ್ಟು ಒಂದರ ಮೇಲೊಂದು ಪೇರಿಸಿದರು. ಹಲಗೆಯ ತುದಿಗೆ ಸೀಮೆಸುಣ್ಣದಲ್ಲಿ ಅದು ಸಿದ್ಧವಾಗುವ ದಿನ ಬರೆಯುವುದು ಅವರ ಪದ್ಧತಿ. ಆದರೆ ಈ ಸಲ ಸೀಮೆಸುಣ್ಣ ಹಿಡಿದವರು ಹಾಗೇ ನಿಂತುಬಿಟ್ಟರು.

"ನೀವೇ ಬರೀರಿ," ಎಂದು ಅದನ್ನು ಟೀಚರ್ ಕೈಗೆ ಕೊಟ್ಟರು. "ನನಗೆ ಕೈ ಬರ್ತಿಲ್ಲ."

ಟೀಚರ್ ಬರೆದರು. ಕರಿಹಲಗೆಯ ಮೇಲೆ ಬರೆಯುವ ದುಂಡಕ್ಷರದಲ್ಲಿ, ಮೂರು ವರ್ಷದ ಆಚೆಯ ದಿನಾಂಕ.

ಮರ ಎಷ್ಟು ಒಣಗಿದೆಯೆಂದು ತಿಳಿಯಲು ಒಂದು ದಾರಿಯಿತ್ತು. ಅದೇ ಮರದ ಒಂದು ತುಂಡನ್ನು ಪಕ್ಕದಲ್ಲಿಟ್ಟು ತಿಂಗಳಿಗೊಮ್ಮೆ ತೂಗುವುದು. ನೀರು ಹೋದಷ್ಟೂ ತೂಕ ಇಳಿಯುತ್ತದೆ; ಇಳಿಯುವುದು ನಿಂತ ದಿನ ಮರ ಸಿದ್ಧ. ಮೊದಲ ದಿನ ತುಂಡು ನಾಲ್ಕು ಕಿಲೋ ಇನ್ನೂರು ಗ್ರಾಂ ತೂಗಿತು. ಮೇಸ್ತ್ರಿ ಅದನ್ನು ಗೋಡೆಯ ಮೇಲೆ ಬರೆದರು.

"ಪ್ರತಿ ತಿಂಗಳು ಮೊದಲ ಭಾನುವಾರ ತೂಗ್ತೀನಿ. ಬೇಕಿದ್ರೆ ಬಂದು ನೋಡ್ಕೊಂಡು ಹೋಗಿ."

"ಬೇಕಿದ್ರೆ ಅಂದ್ರೇನು? ನನ್ನ ಮರ. ಬರ್ತೀನಿ!"

ಬಂದರು. ಒಂದು ತಿಂಗಳೂ ತಪ್ಪಿಸಲಿಲ್ಲ. ಮೊದಮೊದಲು ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ. ಐದನೆಯ ತಿಂಗಳಿಗೆ ಟೀಚರ್ ಫ್ಲಾಸ್ಕಿನಲ್ಲಿ ಟೀ ತರತೊಡಗಿದರು. ಏಳನೆಯ ತಿಂಗಳಿಗೆ ಶೆಡ್ಡಿನಲ್ಲಿ ಅವರಿಗೆಂದೇ ಒಂದು ಕುರ್ಚಿ ಪ್ರತ್ಯಕ್ಷವಾಯಿತು. ಬೆನ್ನಿಗೆ ಒರಗು, ಕೈಗೆ ಆಸರೆ, ಟೀ ಲೋಟ ಇಡಲು ಬದಿಯಲ್ಲೊಂದು ಪುಟ್ಟ ಹಲಗೆ.

"ಯಾರಿಗೆ ಮಾಡಿದ್ದು ಇದು?"

"ಯಾರೋ ಆರ್ಡರ್ ಕೊಟ್ಟು ತಗೊಂಡು ಹೋಗ್ಲಿಲ್ಲ," ಎಂದರು ಮೇಸ್ತ್ರಿ, ಕಿವಿ ಕೆಂಪಾಗಿಸಿಕೊಂಡು.

ಇಬ್ಬರೂ ಎಂಥ ಜೋಡಿ ಅಂತೀರಿ! ಟೀಚರ್ ಕುಕ್ಕರ್ ಕೊಂಡರೆ ಹೆಚ್ಚು ವರ್ಷದ ಗ್ಯಾರಂಟಿ ಯಾವುದಕ್ಕಿದೆ ಎಂದು ನೋಡುವವರು. ಗ್ರಂಥಾಲಯಕ್ಕೆ ಹತ್ತು ವರ್ಷದ ಸದಸ್ಯತ್ವ ಮಾಡಿಸಿಕೊಂಡವರು. ಈ ವಯಸ್ಸಿನಲ್ಲಿ ಒಂದು ಹೊಸ ಭಾಷೆಯ ಕ್ಲಾಸಿಗೆ ಸೇರಿ, ಮೊದಲ ಪರೀಕ್ಷೆಗೆ ಓದುತ್ತಿದ್ದವರು. ಮೇಸ್ತ್ರಿಯೋ, ಸೋಪು ಒಂದೇ ಒಂದು ಕೊಳ್ಳುವವರು. ಹಿಮ್ಮಡಿ ಸವೆದ ಚಪ್ಪಲಿಗೆ ಮೂರನೆಯ ಸಲ ಹೊಲಿಗೆ ಹಾಕಿಸಿ, "ನನ್ನಷ್ಟು ದಿನ ಬರುತ್ತೆ ಬಿಡಿ," ಎನ್ನುವವರು. ಹಸಿ ಮರ ಕೊಳ್ಳುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಹೊಸಬರ ಪರಿಚಯವೂ ಬೇಡ, ಮದುವೆ ಮುಂಜಿ ಎಂದು ಊರು ಸುತ್ತುವುದೂ ಬೇಡ. ಹೆಂಡತಿ ತೀರಿಕೊಂಡು ಇಪ್ಪತ್ತು ವರ್ಷದಿಂದ ಶೆಡ್ಡು ಮತ್ತು ಅದರ ಹಿಂದಿನ ಎರಡು ಕೋಣೆ, ಅಷ್ಟೇ ಅವರ ಪ್ರಪಂಚ.

ಆ ಪ್ರಪಂಚದಲ್ಲಿ ಈಗ ಒಂದು ಕುರ್ಚಿ ಹೆಚ್ಚಾಗಿತ್ತು.

*

ಹದಿನಾಲ್ಕನೆಯ ತಿಂಗಳು. ತುಂಡು ಮೂರು ಕಿಲೋಗೆ ಇಳಿದಿತ್ತು. ಮೇಸ್ತ್ರಿ ಅವತ್ತು ಟೀ ಮುಟ್ಟಲಿಲ್ಲ. ಉಳಿಯನ್ನು ಎತ್ತಿ ಇಡುವುದು, ಇಟ್ಟು ಎತ್ತುವುದು...

"ಏನಾಗಿದೆ ನಿಮಗೆ ಇವತ್ತು?"

"ಟೀಚರ್... ನನಗೆ ಇನ್ನು ನಾಲ್ಕು ತಿಂಗಳು."

"ಶುರುವಾಯ್ತಾ ನಿಮ್ಮ ಪಂಚಾಂಗ!"

"ಬೈಯ್ಬೇಡಿ, ಕೇಳಿ. ನಾಲ್ಕು ತಿಂಗಳಿಗೋಸ್ಕರ ಒಬ್ಬರನ್ನ ಬಾ ಅಂತ ಕರೆಯೋದು ಸ್ವಾರ್ಥ. ಗೊತ್ತು. ಆದ್ರೂ ಕರೀತಿದ್ದೀನಿ." ಅವರು ಉಳಿಯನ್ನು ಕೆಳಗಿಟ್ಟರು. "ತಿಂಗಳಿಗೊಂದು ಭಾನುವಾರ ಸಾಲ್ತಿಲ್ಲ ನನಗೆ. ಎಲ್ಲಾ ವಾರವೂ ಬೇಕು. ಬಂದುಬಿಡ್ತೀರಾ ಇಲ್ಲಿಗೆ?"

ಟೀಚರ್ ಎದೆ ಡವಗುಟ್ಟಿತು. ಅರವತ್ತೊಂಬತ್ತು ದಾಟಿ ಎಪ್ಪತ್ತಕ್ಕೆ ಬಿದ್ದ ಎದೆ, ನಾಚಿಕೆಯಿಲ್ಲದೆ!

'ಬರ್ತೀನಿ. ಈಗಲೇ ಬರ್ತೀನಿ...' ಎಂದಿತು ಮನಸ್ಸು.

ಆದರೆ ಬಾಯಿ? ಬಾಯಿಗೆ ಮೂವತ್ತು ವರ್ಷದ ಭರವಸೆಯಿತ್ತಲ್ಲ. ಮಗಳಿಗೆ ನಿಧಾನವಾಗಿ ಹೇಳಬೇಕು, ಮನೆಯನ್ನು ಏನು ಮಾಡುವುದೆಂದು ನೋಡಬೇಕು, ಪರೀಕ್ಷೆಯೂ ಮುಗಿಯಲಿ... ಎಪ್ಪತ್ತೆರಡರ ಲೆಕ್ಕವಂತೂ ಈ ಮನುಷ್ಯನ ತಲೆಯೊಳಗಿನ ಹುಳ. ಅದು ಉದುರಬೇಕಾದರೆ ಆ ಹುಟ್ಟುಹಬ್ಬ ದಾಟಬೇಕು.

"ಏನವಸರ?" ಎಂದರು ನಗುತ್ತ. "ಟೇಬಲ್ ಆಗ್ಲಿ. ಅದರ ಮೇಲೆ ಮೊದಲ ಊಟ ನಮ್ಮಿಬ್ಬರದ್ದು. ಅವತ್ತೇ ನನ್ನ ಪೆಟ್ಟಿಗೆ ತಗೊಂಡು ಬಂದುಬಿಡ್ತೀನಿ. ಸರಿನಾ?"

ಅವರ ಪಾಲಿಗೆ ಅದು ಒಪ್ಪಿಗೆ. ಸಂತೋಷದಿಂದ, ಮನಸಾರೆ ಕೊಟ್ಟ ಒಪ್ಪಿಗೆ.

ಮೇಸ್ತ್ರಿ ಹಲಗೆಯ ತುದಿಯಲ್ಲಿದ್ದ ದಿನಾಂಕವನ್ನು ನೋಡಿದರು. ಇನ್ನೂ ಇಪ್ಪತ್ತೆರಡು ತಿಂಗಳು. ಅವರ ಲೆಕ್ಕದಲ್ಲಿ ಅದು ಸತ್ತು ಒಂದೂವರೆ ವರ್ಷವಾದ ಮೇಲಿನ ದಿನ.

"ಆಯ್ತು ಟೀಚರ್," ಎಂದರು ಮೆಲ್ಲಗೆ.

ಅಯ್ಯೋ, ಆ ದನಿಯನ್ನು ಟೀಚರ್ ಇನ್ನೊಂದು ಸಲ ಕೇಳಿಸಿಕೊಂಡಿದ್ದರೆ!

*

ಎರಡು ತಿಂಗಳ ಬಳಿಕ ಟೀಚರ್ ಶೆಡ್ಡಿಗೆ ಬಂದಾಗ ಒಳಗೆ ಬಿಸಿ ರಾಚಿತು. ಅಂಟು ಕಾಯಿಸುವ ಕಬ್ಬಿಣದ ಒಲೆ ಧಗಧಗ ಉರಿಯುತ್ತಿತ್ತು. ಅದರ ಮೇಲೆ ಎರಡು ಅಡ್ಡಗಂಬಿ; ಕಂಬಿಯ ಮೇಲೆ ಅವರ ಹಿಪ್ಪುನೇರಳೆಯ ಒಂದು ಹಲಗೆ.

ಹಲಗೆ ತುದಿಯಿಂದ ನಡುವಿನ ತನಕ ಸೀಳಿಹೋಗಿತ್ತು. ಬೆರಳು ತೂರುವಷ್ಟು ಅಗಲದ ಬಿರುಕು.

"ಏನಿದು?!"

ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು. ಐವತ್ತೈದು ವರ್ಷದ ಕೆಲಸದಲ್ಲಿ ಅವರು ಮರವನ್ನು ಬೆಂಕಿಗೆ ಹಿಡಿದವರಲ್ಲ. ಹಿಡಿದವರನ್ನು ಕಂಡರೆ ಬೈದು ಓಡಿಸಿದವರು.

"ಬೇಗ ಮುಗಿಸೋಣ ಅಂತ..." ಎಂದರು.

"ಬೇಗ ಮುಗಿಸೋಕಾ? ಇದು ನನ್ನ ಗಂಡ ನೆಟ್ಟ ಮರ! ನನ್ನ ಮಗಳು ಹತ್ತಿ ಆಡಿದ ಮರ! ನಿಮಗೆ ಅಷ್ಟು ಭಾರವಾಗಿದ್ರೆ ಅವತ್ತೇ ಬೇಡ ಅನ್ಬೇಕಿತ್ತು!"

"ಹಾಗಲ್ಲ ಟೀಚರ್..."

"ಹೇಗೆ ಮತ್ತೆ? ನಾನು ತಕ್ಷಣ ಹೂಂ ಅನ್ನಲಿಲ್ಲ ಅಂತ ಸಿಟ್ಟು, ಅಲ್ವಾ? ಕೆಲಸ ಮುಗಿಸಿ ನನ್ನನ್ನ ಸಾಗಹಾಕೋ ಆತುರ!"

ಮೇಸ್ತ್ರಿ ಹಲಗೆಯನ್ನು ಕಂಬಿಯಿಂದ ಇಳಿಸಿ ಗೋಡೆಗೆ ಆನಿಸಿದರು. 'ಟೇಬಲ್ ಆದ ದಿನ ಬರ್ತೀನಿ ಅಂದ್ರಿ. ಆ ದಿನಾನ ನನ್ನ ಆಯಸ್ಸಿನೊಳಗೆ ಎಳ್ಕೊಳ್ಳೋಕೆ ನೋಡಿದೆ,' ಎಂದು ಹೇಳಬೇಕಿತ್ತು. ಆದರೆ ಸೀಳಿದ ಹಲಗೆಯ ಮುಂದೆ ನಿಂತು ಯಾವ ಬಡಗಿಗೆ ಮಾತು ಬರುತ್ತದೆ? ಅವಮಾನ ನಾಲಿಗೆಯನ್ನು ಹಿಡಿದುಕೊಂಡಿತ್ತು.

ಟೀಚರ್ ಫ್ಲಾಸ್ಕನ್ನು ಅಲ್ಲೇ ಬಿಟ್ಟು ಹೊರಟರು. ಬೀದಿಯ ತಿರುವು ದಾಟುವ ತನಕ ಬಿಗಿಹಿಡಿದಿದ್ದರು. ಆಮೇಲೆ ಔಷಧಿ ಅಂಗಡಿಯ ಗೋಡೆಗೆ ಒರಗಿ ಅತ್ತರು. ಮರಕ್ಕೆ ಅಳುತ್ತಿದ್ದೇನೆ ಎಂದುಕೊಂಡರು. ಮರಕ್ಕಲ್ಲ ಎಂದು ಅವರಿಗೂ ಗೊತ್ತಿತ್ತು.

ಮುಂದಿನ ತಿಂಗಳು ಅವರು ಹೋಗಲಿಲ್ಲ. 'ಅವರೇ ಬರಲಿ, ಕ್ಷಮೆ ಕೇಳಲಿ. ಎಲ್ಲಿಗೆ ಓಡಿ ಹೋಗುತ್ತೆ ಕಾಲ?' ಅದರ ಮುಂದಿನ ತಿಂಗಳೂ ಹೋಗಲಿಲ್ಲ. ಮೇಸ್ತ್ರಿಗೆ ಎಪ್ಪತ್ತೆರಡು ತುಂಬುವ ದಿನ ಮಾತ್ರ ಬೆಳಿಗ್ಗೆಯಿಂದ ಕಿಟಕಿಯ ಬಳಿ ಕೂತಿದ್ದರು. ಸಂಜೆ ಹಾಲಿನಂಗಡಿಯವರನ್ನು ಏನೂ ಅರಿಯದವರಂತೆ ಕೇಳಿದರು, "ಆ ಮರಗೆಲಸದ ಶೆಡ್ಡು ತೆಗೆದಿತ್ತಾ ಇವತ್ತು?"

"ತೆಗೆದಿತ್ತಲ್ಲ ಟೀಚರ್. ಮೇಸ್ತ್ರಿ ಗರಗಸ ಹಾಕ್ತಿದ್ರು."

ಬದುಕಿದ್ದಾರೆ! ಮನೆಗೆ ಬಂದು ಬಾಗಿಲು ಹಾಕಿಕೊಂಡು ಟೀಚರ್ ಒಬ್ಬರೇ ನಕ್ಕರು. ನಾಳೆಯೇ ಹೋಗಿ ಮಾತಾಡಿಸಬೇಕು ಎಂದುಕೊಂಡರು. ನಾಳೆ ಬೇಡ, ಹೊಟ್ಟೆನೋವಿಗೆ ಡಾಕ್ಟರರ ಬಳಿ ಹೋಗುವುದಿದೆ. ಅದು ಮುಗಿಯಲಿ...

ಅದು ಮುಗಿಯಲಿಲ್ಲ.

*

"ಎಂಟು ತಿಂಗಳು," ಎಂದಿದ್ದರು ಡಾಕ್ಟರು. "ಹೆಚ್ಚು ಅಂದ್ರೆ ಒಂದು ವರ್ಷ. ದೊಡ್ಡ ಚಿಕಿತ್ಸೆ ಇದೆ. ಎರಡು ಮೂರು ತಿಂಗಳು ಸೇರಬಹುದು. ಆದ್ರೆ ಆ ತಿಂಗಳುಗಳನ್ನ ನೀವು ಇಲ್ಲೇ, ಆಸ್ಪತ್ರೆ ಹಾಸಿಗೇಲೇ ಕಳೀಬೇಕಾಗುತ್ತೆ."

ಮಗಳು ಪಕ್ಕದಲ್ಲಿ ಕುಳಿತು ಅಮ್ಮನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. "ಮಾಡಿಸ್ತೀವಿ ಡಾಕ್ಟ್ರೇ. ಏನಿದ್ರೂ ಮಾಡಿಸ್ತೀವಿ."

"ಬೇಡ," ಎಂದರು ಟೀಚರ್.

"ಅಮ್ಮಾ!"

"ಎರಡು ತಿಂಗಳು ಹೆಚ್ಚು ಸಿಕ್ಕು ಏನು ಮಾಡ್ಲಿ ಮಗಳೇ, ಸೀಲಿಂಗ್ ಫ್ಯಾನ್ ನೋಡ್ಕೊಂಡಾ?"

ಮನೆಗೆ ಬಂದು ಮಗಳು ಜಗಳವಾಡಿದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಟೀಚರ್ ಮಾತ್ರ ಅಮ್ಮನ ಫೋಟೋ ಮುಂದೆ ನಿಂತು ಕೇಳುತ್ತಿದ್ದರು: 'ನಿನಗೆ ತೊಂಬತ್ತೇಳು. ಅಜ್ಜಿಗೆ ತೊಂಬತ್ತೊಂಬತ್ತು. ನನ್ನದು ಎಲ್ಲಿ ಹೋಯ್ತಮ್ಮ?'

ಎಷ್ಟು ಧಾರಾಳವಾಗಿ ಖರ್ಚು ಮಾಡಿಬಿಟ್ಟಿದ್ದರು ದಿನಗಳನ್ನು! ನಾಲ್ಕು ತಿಂಗಳಿದೆ, ಬನ್ನಿ ಎಂದು ಒಬ್ಬರು ಉಳಿ ಕೆಳಗಿಟ್ಟು ಕರೆದಾಗ ಇವರು ಏನವಸರ ಎಂದು ನಕ್ಕಿದ್ದರು.

ಒಂದಿಂಚು ಅಂದಿದ್ದರೆ ಟೇಬಲ್ ಆಗಿ ಈಗ ಎಂಟು ತಿಂಗಳಾಗುತ್ತಿತ್ತು.

ಇಪ್ಪತ್ತನೆಯ ತಿಂಗಳ ಮೊದಲ ಭಾನುವಾರ ಅವರು ಮಗಳಿಗೆ ಹೇಳಿದರು, "ಕಾರು ತೆಗೀತೀಯಾ? ಒಂದು ಕಡೆ ಹೋಗ್ಬೇಕು. ಹಲಗೆ ಯಾರಿಗಾದ್ರೂ ಕೊಟ್ಟುಬಿಡಿ ಅಂತ ಹೇಳಿ ಬಂದುಬಿಡ್ತೀನಿ. ಐದು ನಿಮಿಷ."

ಅಷ್ಟೇ ಹೇಳಬೇಕು. ಕಾಯಿಲೆಯ ಮಾತು ಎತ್ತಬಾರದು. ಆ ಮನುಷ್ಯನನ್ನು ಅಳಿಸಬಾರದು... ಎಂದು ದಾರಿಯುದ್ದಕ್ಕೂ ತಮಗೆ ತಾವೇ ಪಾಠ ಹೇಳಿಕೊಂಡರು.

*

ಮಗಳು ಹೊರಗೆ ಕಾರಿನಲ್ಲಿ ಉಳಿದಳು. ಟೀಚರ್ ಬಾಗಿಲಿಗೆ ಬರುತ್ತಲೇ ಮೊದಲು ಕಂಡದ್ದು ಗೋಡೆ. ತೂಕದ ಸಾಲು ನಿಂತಿರಲಿಲ್ಲ. ಅವರು ಬಾರದ ತಿಂಗಳುಗಳಲ್ಲೂ ಮೊದಲ ಭಾನುವಾರ ತೂಗಿ ಬರೆದಿತ್ತು. ಕುರ್ಚಿಯ ಮೇಲೆ ಅವರ ಫ್ಲಾಸ್ಕು, ತೊಳೆದು ಒರೆಸಿ ಇಟ್ಟಿದ್ದು.

"ಟೀಚರ್!"

ಮೇಸ್ತ್ರಿ ಓಡಿಬಂದರು. ಹೌದು, ಓಡಿಬಂದರು! ಕಾಲಿಗೆ ಹೊಚ್ಚಹೊಸ ಚಪ್ಪಲಿ, ದಪ್ಪ ಅಟ್ಟೆಯದು.

"ನೋಡಿದ್ರಾ? ಬದುಕಿದ್ದೀನಿ! ಎಪ್ಪತ್ತೆರಡು ದಾಟಿ ಎರಡು ತಿಂಗಳಾಯ್ತು! ನೀವೇ ಗೆದ್ರಿ. ಬನ್ನಿ ಇಲ್ಲಿ, ಇದನ್ನ ನೋಡಿ..." ಮೂಲೆಯಲ್ಲಿ ಹೊಸದಾಗಿ ಪೇರಿಸಿದ ಹಸಿ ಮರ. ನಾಲ್ಕು ಇಂಚು ದಪ್ಪ. ತುದಿಯಲ್ಲಿ ಅವರದ್ದೇ ವಕ್ರ ಅಕ್ಷರದಲ್ಲಿ ನಾಲ್ಕು ವರ್ಷದ ಆಚೆಯ ದಿನಾಂಕ. "ನಾನೇ ಬರೆದೆ! ಈ ಸಲ ಕೈ ಬಂತು."

ಟೀಚರ್ ಗೋಡೆ ಹಿಡಿದುಕೊಂಡರು.

"ಆ ಹಲಗೆ..." ಮೇಸ್ತ್ರಿಯ ದನಿ ಇಳಿಯಿತು. "ಅವತ್ತು ಹೇಳೋಕಾಗಲಿಲ್ಲ. ಟೇಬಲ್ ಆದ ದಿನ ಬರ್ತೀನಿ ಅಂದಿದ್ರಿ. ಅಷ್ಟರಲ್ಲಿ ನಾನಿರಲ್ಲ ಅಂತ ಹೆದರಿ ಒಲೆಗೆ ಹಿಡಿದೆ. ನಿಮ್ಮನ್ನ ಸಾಗಹಾಕೋಕಲ್ಲ ಟೀಚರ್. ಬೇಗ ಕರ್ಕೊಂಡು ಬರೋಕೆ."

ಟೀಚರ್ ಕಣ್ಣು ಮುಚ್ಚಿಕೊಂಡರು. ಅಷ್ಟೇನಾ? ಅಷ್ಟಕ್ಕೇನಾ ನಾನು ನಾಲ್ಕು ತಿಂಗಳು...

"ಈಗ ಆ ಗಡಿಬಿಡಿ ಇಲ್ಲ," ಮೇಸ್ತ್ರಿ ಮುಖ ಬೆಳಗಿತು. "ನೀವು ಹೇಳಿದ್ದೇ ಸರಿ. ಏನವಸರ? ಇನ್ನು ಹದಿನಾರು ತಿಂಗಳು ತಾನೇ! ಕಾಯ್ತೀನಿ. ಇಪ್ಪತ್ತು ವರ್ಷ ಬೇಕಾದ್ರೂ ಕಾಯ್ತೀನಿ!"

ದೇವರೇ... ಇಷ್ಟು ದಿನ ಇವರ ಬಾಯಲ್ಲಿ ಬರಲೆಂದು ಕಾದ ಮಾತು, ಇವತ್ತೇ ಬರಬೇಕಿತ್ತೇ!

"ನಾನು ಬಂದಿದ್ದು..." ಟೀಚರ್ ಪಾಠ ಒಪ್ಪಿಸಲು ನೋಡಿದರು. "ಹಲಗೆ ಯಾರಿಗಾದ್ರೂ ಕೊಟ್ಟುಬಿಡಿ ಅಂತ ಹೇಳೋಕೆ. ಟೇಬಲ್ ಬೇಡ ನನಗೆ."

ತಿರುಗಿ ಹೊರಟರು. ಹೊಸ್ತಿಲಲ್ಲಿ ಕಾಲು ತಡವರಿಸಿತು. ಮೇಸ್ತ್ರಿ ಥಟ್ಟನೆ ಅವರ ತೋಳು ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು. ಐವತ್ತೈದು ವರ್ಷ ತೂಕ ನೋಡಿದ ಕೈ ಅದು. ಅದಕ್ಕೆ ಸುಳ್ಳು ಹೇಳುವುದು ಹೇಗೆ?

"ಎಷ್ಟು ಇಳಿದಿದ್ದೀರಿ ಟೀಚರ್?"

"ಒಂಬತ್ತು ಕಿಲೋ," ಎಂದರು ಟೀಚರ್. ಆಮೇಲೆ ನಗಲು ಪ್ರಯತ್ನಿಸಿದರು. "ಮರದ ತೂಕ ಇಳಿದ್ರೆ ಖುಷಿ ಪಡ್ತಿದ್ರಲ್ಲ... ನಾನೂ ಸಿದ್ಧವಾಗ್ತಿದ್ದೀನಿ ಅನ್ಕೊಳ್ಳಿ."

ಆ ತಮಾಷೆಗೆ ಇಬ್ಬರೂ ನಗಲಿಲ್ಲ.

ಹೇಳಿದರು. ಡಾಕ್ಟರು ಹೇಳಿದ್ದೆಲ್ಲ, ತಾವು ಬೇಡ ಎಂದದ್ದೆಲ್ಲ ಹೇಳಿದರು. ಮೇಸ್ತ್ರಿ ಕೇಳಿ ಮುಗಿಸಿ ಸೀದಾ ಹಿಪ್ಪುನೇರಳೆಯ ರಾಶಿಯ ಬಳಿ ಹೋಗಿ ಮೇಲಿನ ಹಲಗೆಯನ್ನು ಎಳೆಯತೊಡಗಿದರು.

"ಏನು ಮಾಡ್ತಿದ್ದೀರಿ?"

"ಇವತ್ತೇ ಮಾಡ್ತೀನಿ. ಹಸಿಯಲ್ಲೇ ಮಾಡ್ತೀನಿ."

"ಸೀಳುತ್ತೆ ಅಂತ ನೀವೇ ಹೇಳಿದ್ದು..."

"ಸೀಳ್ಲಿ! ಮೂರು ವರ್ಷ ಕೊಟ್ಟಿದ್ರಲ್ಲ ಅವತ್ತು, ಅದನ್ನ ವಾಪಸ್ ತಗೊಳ್ಳಿ ಟೀಚರ್! ನನಗೆ ಬೇಡ ಇದು... ಯಾರು ಕೇಳಿದ್ರು ನನಗೆ ಎಪ್ಪತ್ತೆರಡು?" ಹಲಗೆಯನ್ನು ಹಿಡಿದೇ ಆ ದೊಡ್ಡ ಮನುಷ್ಯ ಬಿಕ್ಕಿದರು.

ಟೀಚರ್ ಹತ್ತಿರ ಬಂದು ಅವರ ಕೈಯ ಮೇಲೆ ಕೈ ಇಟ್ಟರು.

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಅಭ್ಯಾಸ ನಮ್ಮನೇಲಿಲ್ಲ. ಈ ಹಲಗೆ ಮುಟ್ಟಬೇಡಿ. ತುದಿಯಲ್ಲಿರೋ ದಿನಾಂಕಕ್ಕೇ, ಚೆನ್ನಾಗಿ ಒಣಗಿದ ಮೇಲೇ, ನೀವೇ ನಿಮ್ಮ ಕೈಯಾರೆ ನನ್ನ ಮಗಳಿಗೆ ಟೇಬಲ್ ಮಾಡಿಕೊಡ್ಬೇಕು. ಅಲ್ಲೀವರೆಗೆ ಪ್ರತಿ ತಿಂಗಳು ತೂಗ್ಬೇಕು. ಮಾತು ಕೊಡಿ."

"ಮತ್ತೆ ನೀವು?"

"ನನಗೆ ಟೇಬಲ್ ಬೇಕಿರಲಿಲ್ಲ ರೀ..." ಯಾವಾಗಲೂ ಮೇಸ್ತ್ರಿ ಎನ್ನುತ್ತಿದ್ದ ಬಾಯಿಂದ ಅವತ್ತು 'ರೀ' ಎಂದು ಬಂತು. "ಕುರ್ಚಿ ಮಾಡಿಕೊಟ್ರಲ್ಲ, ಅವತ್ತೇ ನಿಮ್ಮ ಮೇಲೆ ಪ್ರೀತಿ ಆಗಿತ್ತು ನನಗೆ. ಸಮಯ ಇದೆಯಲ್ಲ ಅಂತ ಹೇಳದೇ ಇಟ್ಕೊಂಡೆ. ಎಂಥ ದಡ್ಡಿ ನಾನು!"

ಮೇಸ್ತ್ರಿ ಮುಖ ಒರೆಸಿಕೊಂಡರು. ಏನೋ ನೆನಪಾದವರಂತೆ ಒಲೆಯ ಹಿಂದಕ್ಕೆ ಹೋಗಿ, ಗೋಡೆಗೆ ಆನಿಸಿದ್ದ ಒಂದು ಹಲಗೆಯನ್ನು ಎತ್ತಿ ತಂದರು. ಅದೇ ಹಲಗೆ. ಬಿರುಕು ಬಿಟ್ಟದ್ದು. ಹಳದಿ ಹೋಗಿ ಕಂದಾಗಿತ್ತು.

"ಕೆಟ್ಟಿದ್ದು ಕೆಟ್ಟಿತು ಅಂತ ಒಲೆ ಪಕ್ಕದಲ್ಲೇ ಬಿಟ್ಟಿದ್ದೆ. ಎರಡು ತಿಂಗಳಿಂದ ಇದರ ತೂಕ ಒಂದು ಗ್ರಾಮೂ ಇಳಿದಿಲ್ಲ." ಅವರು ಬೆರಳಿನಿಂದ ಅದನ್ನು ತಟ್ಟಿ ನೋಡಿದರು. "ಇದು ಒಣಗಿದೆ, ಟೀಚರ್. ಇದೊಂದೇ ಒಣಗಿರೋದು."

"ಹತ್ತು ಜನಕ್ಕೆ ಆಗುತ್ತಾ?"

"ಎರಡು ತುಂಡು ಮಾಡಿ ಜೋಡಿಸಿದ್ರೆ ಇಬ್ಬರಿಗೆ ಆಗುತ್ತೆ. ಮೂರನೆಯವರು ಬಂದ್ರೆ ತಟ್ಟೆ ಕೈಲಿ ಹಿಡ್ಕೊಂಡು ನಿಂತ್ಕೋಬೇಕು."

ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ಮಗಳು ಕಣ್ಣೊರೆಸಿಕೊಳ್ಳುತ್ತ ಹೇಳಿದಳು, "ನಾನು ನಿಂತ್ಕೋತೀನಿ ಬಿಡಿ."

*

ಒಂಬತ್ತು ದಿನ ಹಿಡಿಯಿತು. ಬಿರುಕು ಮುಂದೆ ಹೋಗದಂತೆ ಮೇಸ್ತ್ರಿ ಅದಕ್ಕೆ ಅಡ್ಡವಾಗಿ, ನಡು ಸಣ್ಣಗಿರುವ ಮೂರು ಬೆಣೆಗಳನ್ನು ಕೂರಿಸಿದರು. ಆದರೆ ಬಿರುಕನ್ನು ಮುಚ್ಚಲಿಲ್ಲ.

ಹತ್ತನೆಯ ದಿನ ಮಗಳು ಅಮ್ಮನ ಪೆಟ್ಟಿಗೆಯನ್ನು ಶೆಡ್ಡಿನ ಹಿಂದಿನ ಮನೆಯೊಳಗೆ ಇಟ್ಟಳು. ಅಮ್ಮನ ಕೆನ್ನೆ ಸವರಿ, ಔಷಧಿಯ ಹೊತ್ತುಗಳನ್ನು ಮೇಸ್ತ್ರಿಗೆ ಎರಡೆರಡು ಸಲ ಹೇಳಿ, "ಸಂಜೆ ಬರ್ತೀನಿ," ಎಂದು ಹೊರಟಳು. ಕಾರು ಶುರುವಾಗಲು ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಟೇಬಲ್ಲಿನ ಮೇಲೆ ಬಿದ್ದಿತ್ತು. ಅನ್ನ, ಒಂದು ಪಲ್ಯ, ಎರಡು ತಟ್ಟೆ. ಟೀಚರ್‌ಗೆ ಈಗೀಗ ನಾಲ್ಕು ತುತ್ತು ಸೇರುವುದೇ ಕಷ್ಟ. ಆದರೂ ಅಡುಗೆ ಅವರೇ ಮಾಡಿದ್ದರು, ಮೂರು ಸಲ ಕೂತು ಎದ್ದು.

ಅವರು ಬಿರುಕಿನ ಮೇಲೆ ಬೆರಳಾಡಿಸಿದರು. "ಇದು ಇನ್ನೂ ಬಿಡುತ್ತಾ?"

"ಇಲ್ಲ. ಬಿಡೋಷ್ಟೂ ಬಿಟ್ಟಾಯ್ತು." ಮೇಸ್ತ್ರಿ ಬಟ್ಟೆ ಹಿಡಿದು ಇನ್ನೂ ಅಂಚನ್ನು ಉಜ್ಜುತ್ತಲೇ ಇದ್ದರು. ಟೀಚರ್ ಕಡೆ ನೋಡಿದರೆ ಕಣ್ಣು ತುಂಬುತ್ತದೆಂದು ಅವರಿಗೆ ಗೊತ್ತಿತ್ತು. "ಈ ಕಡೆ ಸ್ವಲ್ಪ ಒರಟಾಗೇ ಇದೆ ನೋಡಿ. ಇನ್ನೊಂದು ಸಲ ಎಣ್ಣೆ ಹಚ್ಚಿಬಿಡ್ತೀನಿ. ಇವತ್ತು ಅಲ್ಲಿ ಕೆಳಗೆ ಕೂತು ಉಂಡು, ನಾಳೆ ಇದರ ಮೇಲೆ..."

"ನಾಳೆ ಬೇಡ."

ಮೇಸ್ತ್ರಿಯ ಕೈ ನಿಂತಿತು.

"ಆ ಬಟ್ಟೆ ಕೊಡಿ ಇಲ್ಲಿ," ಎಂದು ಟೀಚರ್ ಅದನ್ನು ಇಸಿದುಕೊಂಡು ಪಕ್ಕಕ್ಕಿಟ್ಟರು. ಎದುರಿನ ಕುರ್ಚಿಯನ್ನು ಕಾಲಿನಿಂದ ಮುಂದಕ್ಕೆ ನೂಕಿದರು. "ಬನ್ನಿ, ಕೂತ್ಕೊಳ್ಳಿ. ಅನ್ನ ಆರುತ್ತೆ."